ಒಂದೇ ಕಾಲು, ಎರಡು ಸುತ್ತು

ಬೈಲಹೊಂಗಲದ ಅಂಚಿನಲ್ಲಿ, ಹತ್ತಿ ಗಿರಣಿ ಮುಚ್ಚಿದ ಮೇಲೆ ಖಾಲಿ ಬಿದ್ದಿದ್ದ ಒಂದು ಗೋದಾಮಿನಲ್ಲಿ ಅತೀಕ ತನ್ನ ಯಂತ್ರವನ್ನು ಇಟ್ಟುಕೊಂಡಿದ್ದ. ನೆಲಕ್ಕೆ ಬಿಗಿದ ಉಕ್ಕಿನ ಹಳಿ, ಹಳಿಯ ಮೇಲೊಂದು ಗಾಡಿ, ಗಾಡಿಯಿಂದ ಚಾಚಿಕೊಂಡ ಉದ್ದನೆಯ ತೋಳು, ತೋಳಿನ ತುದಿಗೆ ಕ್ಯಾಮೆರಾ. ಕಂಪ್ಯೂಟರು ಹೇಳಿದಂತೆ ಮೋಟಾರುಗಳು ಅದನ್ನು ಆಡಿಸುತ್ತಿದ್ದವು. ಸಿನಿಮಾದವರು ಇದಕ್ಕೆ ಮೋಷನ್ ಕಂಟ್ರೋಲ್ ಅನ್ನುತ್ತಾರೆ, ಊರವರು ರೋಬೋಟ್ ಕ್ಯಾಮೆರಾ ಅನ್ನುತ್ತಿದ್ದರು. ಒಮ್ಮೆ ಕಲಿಸಿದ ಚಲನೆಯನ್ನು ಅದು ಮರುದಿನವಾಗಲಿ, ಮುಂದಿನ ವಾರವಾಗಲಿ, ಕೂದಲೆಳೆಯಷ್ಟೂ ತಪ್ಪದೆ ಮತ್ತೆ ಮಾಡುತ್ತಿತ್ತು. ಖಾಲಿ ಕುರ್ಚಿಯ ಸುತ್ತ ಒಂದು ಸಲ, ಅದೇ ಕುರ್ಚಿಯಲ್ಲಿ ಮನುಷ್ಯನನ್ನು ಕೂರಿಸಿ ಇನ್ನೊಂದು ಸಲ ಕ್ಯಾಮೆರಾ ಓಡಿಸಿ, ಎರಡನ್ನೂ ಕೂಡಿಸಿದರೆ ಆಯಿತು. ನೋಡುನೋಡುತ್ತಿದ್ದಂತೆ ಮನುಷ್ಯ ಗಾಳಿಯಲ್ಲಿ ಕರಗಿಹೋಗುತ್ತಿದ್ದ.

ಅತೀಕ ಯರಗಟ್ಟಿಯ ಟೆಂಪೋ ಡ್ರೈವರ್ ಅಲ್ಲಾಸಾಬನ ಮಗ. ಮೊದಲು ಮದುವೆ ವಿಡಿಯೊ ಮಾಡುತ್ತಿದ್ದ. ಆಮೇಲೆ ಹೈದರಾಬಾದಿನ ಅನಿಮೇಷನ್ ಸ್ಟುಡಿಯೊ ಒಂದಕ್ಕೆ ಸೇರಿದ. ಅಲ್ಲಿ ಮಣ್ಣಿನ ಗೊಂಬೆಯ ಕೈಯನ್ನು ತುಸುವೇ ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ದಿನವೆಲ್ಲ ದುಡಿದರೆ ಗೊಂಬೆ ಒಮ್ಮೆ ತಲೆ ಎತ್ತಿ ನಗುತ್ತಿತ್ತು. ಆ ಕೆಲಸ ಅವನಿಗೆ ತುಂಬ ಹಿಡಿಸಿತ್ತು. ಸ್ಟುಡಿಯೊ ಮುಚ್ಚಿದಾಗ ಹಳೆಯ ಯಂತ್ರವನ್ನು ಲಾರಿಗೆ ಹೇರಿಸಿಕೊಂಡು ಊರ ಕಡೆ ಬಂದ.

ಆದರೆ ಇಲ್ಲಿ ಗೊಂಬೆ ಕುಣಿಸಲು ಯಾರೂ ಕರೆಯಲಿಲ್ಲ. ಬಂದವರೆಲ್ಲ ಜಾಹೀರಾತಿನವರು. ಖಾನಾವಳಿಯವರ ರೊಟ್ಟಿ ಮಿಂಚಲೆಂದು ಅದಕ್ಕೆ ಯಂತ್ರದ ಎಣ್ಣೆ ಬಳಿಯಬೇಕು, ಹಾಲಿನ ನೊರೆ ಇಳಿಯದಿರಲೆಂದು ಸೋಪಿನ ಪುಡಿ ಕಲಸಬೇಕು, ದೀಪದ ಕಾವಿಗೆ ಹಳಸಿ ನಾರುತ್ತಿದ್ದ ಪಲ್ಯಕ್ಕೆ ಬಣ್ಣ ಸಿಂಪಡಿಸಿ ಮತ್ತೆ ಕ್ಯಾಮೆರಾ ತಿರುಗಿಸಬೇಕು. ಅತೀಕ ಮನೆಗೆ ಬಂದರೆ ತಾಟಿನ ಮುಂದೆ ಕೂರಲಾರ. ಹೆಂಡತಿ ಮೆಹೆರಾಜ ಮೊದಮೊದಲು ನಕ್ಕಳು, ಆಮೇಲೆ ಗಂಡ ಬಡವಾಗುವುದನ್ನು ಕಂಡು ಈ ಹೊಲಸು ಕೆಲಸ ಬಿಟ್ಟು ಮತ್ತೆ ಮದುವೆ ಮನೆಗೇ ಹೋಗಿರೆಂದಳು.

ಅಂಥ ದಿನಗಳಲ್ಲಿ ಸವದತ್ತಿಯಿಂದ ಗೌರೀಶ ಬಂದ. ಇಸಬು, ಹುಣ್ಣು, ಕಜ್ಜಿಗೆಂದು ಮುಲಾಮು ಮಾರುವವನು. ಮೈಗೆ ಅತ್ತರು, ಮಾತಿಗೆ ಬೆಣ್ಣೆ. ಕ್ಯಾಮೆರಾ ಒಂದು ಕಾಲಿನ ಸುತ್ತ ತಿರುಗುತ್ತಿರುವಾಗಲೇ ಹುಣ್ಣು ಮಾಯವಾಗಿ ಹಸನಾದ ಚರ್ಮ ಕಾಣಬೇಕು, ನಡುವೆ ಎಲ್ಲಿಯೂ ಕತ್ತರಿಸಿದ ಗುರುತು ಇರಬಾರದು ಎಂದ. ಹುಣ್ಣನ್ನು ಬಣ್ಣದಲ್ಲಿ ಬರೆಯಬಹುದೆಂದು ಅತೀಕ ಹೇಳಿದ್ದಕ್ಕೆ, ಜನ ಈಗ ಶಾಣ್ಯಾರಾಗಿದ್ದಾರೆ, ಬಣ್ಣವನ್ನು ಹಿಡಿದುಬಿಡುತ್ತಾರೆ ಎಂದು ಗೌರೀಶ ತಲೆ ಅಲ್ಲಾಡಿಸಿದ. ರೋಗಿಯೊಬ್ಬರು ಇದ್ದಾರೆ, ಮೊದಲು ಅವರ ಒಳ್ಳೆಯ ಕಾಲನ್ನು ತೆಗೆಯಿರಿ, ಆಮೇಲೆ ಕೆಟ್ಟ ಕಾಲನ್ನು ಎಂದ. ಒಬ್ಬರ ಎರಡು ಕಾಲುಗಳ ಮಾತೆಂದು ಅತೀಕ ತಿಳಿದುಕೊಂಡ.

ಸಾಲಹಳ್ಳಿಯಿಂದ ಸುಂದರವ್ವ ಬಂದಳು. ಐವತ್ತು ದಾಟಿದ ಹೆಣ್ಣುಮಗಳು, ಹೊಲದಲ್ಲಿ ಕಳೆ ತೆಗೆಯುವವಳು. ಕರೆತಂದವನು ಅವಳ ಮೈದುನ ಮುದಕಪ್ಪ. ಕುರ್ಚಿಯಲ್ಲಿ ಕೂತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಲು ಅವಳಿಗೆ ಬಲು ಸಂಕೋಚವಾಯಿತು. ಎಡಗಾಲು ಇಡುವ ಜಾಗಕ್ಕೆ ಅತೀಕ ಸುಣ್ಣದಿಂದ ಗುರುತು ಹಾಕಿದ. ತೋಳು ಮೆಲ್ಲಗೆ ಇಳಿದು ಕಾಲನ್ನು ಸುತ್ತಿ ಮೇಲೆದ್ದಿತು. ಬಿಸಿಲಿಗೆ ಕಂದಿದ, ಒಂದು ಗೀರೂ ಇಲ್ಲದ ಕಾಲು. ಕೆಟ್ಟ ಕಾಲಿಗೆ ಮುಂದಿನ ವಾರ ಬರುತ್ತೇವೆ, ಅಲ್ಲಿಯವರೆಗೆ ಹಳಿಯನ್ನಾಗಲಿ ಕಂಪ್ಯೂಟರನ್ನಾಗಲಿ ಯಾರೂ ಮುಟ್ಟಬಾರದೆಂದು ಹೇಳಿ, ಚಿತ್ರವನ್ನು ತೆಗೆದುಕೊಂಡು ಗೌರೀಶ ಹೊರಟುಹೋದ.

ಮುಂದಿನ ವಾರ ಅವಳು ಮತ್ತೆ ಬಂದಾಗ ಗೋದಾಮಿನ ಬಾಗಿಲಲ್ಲೇ ಅತೀಕನ ಮೂಗಿಗೆ ವಾಸನೆ ಬಡಿಯಿತು. ಅದೇ ಎಡಗಾಲು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಬೊಬ್ಬೆ ಎದ್ದು ಒಡೆದು, ಹಳದಿ ನೀರು ಜಿನುಗಿ, ಸೀರೆಯ ಅಂಚು ಅಂಟಿಕೊಂಡಿತ್ತು. ನೊಣ ಓಡಿಸುತ್ತ ಅವಳು ಗುರುತಿನ ಮೇಲೆ ಕಾಲಿಟ್ಟಳು. ಅತೀಕ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಯಂತ್ರ ಚಾಲೂ ಮಾಡಿದ. ಕ್ಯಾಮೆರಾ ಕಾಲಿನ ಹತ್ತಿರಕ್ಕಿಳಿದಂತೆ ಪರದೆಯ ತುಂಬ ಆ ಹುಣ್ಣೇ ತುಂಬಿಕೊಂಡಿತು. ಅವನು ಪರದೆಯಿಂದ ಮುಖ ತಿರುಗಿಸಿದ. ಹಿಂದೆ ನಿಂತಿದ್ದ ಗೌರೀಶ ಮಾತ್ರ, ಈ ಸಲ ಬೆಳಕು ಚಲೋ ಬಿದ್ದಿದೆ ಎಂದ.

ಅತೀಕ ಯಂತ್ರವನ್ನು ಅರ್ಧದಲ್ಲೇ ನಿಲ್ಲಿಸಿದ.

"ಯಕ್ಕಾ, ಇದೇನಾತು ಕಾಲಿಗೆ?"

ಸುಂದರವ್ವ ಮೈದುನನ ಕಡೆ ನೋಡಿದಳು. "ಈ ಮಲಾಮಿನ ಸಾಹೇಬ್ರು ಕೇರಬೀಜದ ಎಣ್ಣಿ ಹಚ್ಯಾರ್ರಿ. ಫೋಟೋ ಆಗೂತನಕಾ ಏನೂ ಸವರಬ್ಯಾಡ ಅಂದಾರ. ಆಮ್ಯಾಲ ಅವರs ಮಲಾಮ ಕೊಡತಾರಂತ."

ಕೇರಬೀಜದ ಎಣ್ಣೆ ತಾಕಿದರೆ ಚರ್ಮ ಸುಡುತ್ತದೆಂದು ಆ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಆಗ ಅತೀಕನಿಗೆ ಎಲ್ಲ ತಿಳಿಯಿತು. ಮೊದಲು ತೆಗೆದದ್ದನ್ನು ಕೊನೆಗೆ ತೋರಿಸುತ್ತಾರೆ. ಒಳ್ಳೆಯ ಕಾಲನ್ನು ಸುಟ್ಟು, ಸುಟ್ಟ ಕಾಲು ವಾಸಿಯಾಯಿತೆಂದು ಜನರನ್ನು ನಂಬಿಸುತ್ತಾರೆ. ನಂಬಿಸುವುದು ಮುಲಾಮಲ್ಲ, ತನ್ನ ಯಂತ್ರ. ತಾನು ಮೂಗು ಮುಚ್ಚಿಕೊಂಡದ್ದು ಆ ಹೆಂಗಸಿನ ಎದುರಿಗೆ, ಅತ್ತರಿನವನ ಎದುರಿಗಲ್ಲ ಎಂಬುದು ಹೊಳೆದು ಅವನಿಗೆ ತನ್ನ ಮೇಲೆಯೇ ಹೇಸಿಕೆ ಬಂತು. ಕರವಸ್ತ್ರ ಕಿಸೆಗೆ ತುರುಕಿದ.

"ಅತೀಕಭಾಯ್, ಕ್ಯಾಮೆರಾ ತಿರಗಸೂದು ನಿಮ್ಮ ಕೆಲಸ," ಎಂದ ಗೌರೀಶ. "ಕಾಲು ಅವರದು, ಒಪ್ಪಿದವರೂ ಅವರs. ನಿಮಗ್ಯಾಕ?"

ಅತೀಕ ಕೀಲಿಮಣೆಗೆ ಬಾಗಿದ. ಕಂಪ್ಯೂಟರಿನಲ್ಲಿದ್ದ ಆ ಚಲನೆಯನ್ನೂ, ಆಗಷ್ಟೇ ತೆಗೆದ ಅರ್ಧ ಚಿತ್ರವನ್ನೂ ಅಳಿಸಿದ. ಪಾನಾ ತೆಗೆದುಕೊಂಡು ಹಳಿಯ ಬೋಲ್ಟುಗಳನ್ನು ಸಡಿಲಿಸಿದ. ಇನ್ನು ಆ ಎರಡು ಸುತ್ತು ಎಂದಿಗೂ ಕೂಡುವಂತಿರಲಿಲ್ಲ. ಗೌರೀಶ ಬಾಯಿಗೆ ಬಂದಂತೆ ಬೈದು ಕಾರು ಹತ್ತಿದ, ಅವನ ಹಿಂದೆಯೇ ಮುದಕಪ್ಪನೂ. ಸುಂದರವ್ವ ಕುರ್ಚಿಯಲ್ಲೇ ಉಳಿದಳು.

ಅತೀಕ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಗಾಯ ತೊಳೆಸಿದ. ಪಟ್ಟಿ ಕಟ್ಟಿದ ಮೇಲೆ ಮೊದಲ ಸಲ ಅತೀಕನ ಮೇಲೆ ಸಿಟ್ಟಾದಳು.

"ಸುಟ್ಟದ್ದು ಸುಟ್ಟಿತ್ತಲ್ಲ ತಮ್ಮಾ. ತಗದಿದ್ರ ನನ್ನ ಕಾಲರೆ ಟೀವಿಯೊಳಗ ಬರತಿತ್ತು. ಈಗ ಉರಿ ಅಷ್ಟs ಉಳೀತು ನನಗ."

ಅತೀಕ ಅವಳನ್ನು ಊರಿಗೆ ಮುಟ್ಟಿಸಿ ಪೊಲೀಸ್ ಠಾಣೆಗೆ ಹೋದ. ಅಧಿಕಾರಿ ಎಲ್ಲ ಕೇಳಿ, ಅದೇ ಕಾಲನ್ನು ಮೊದಲು ಚೆನ್ನಾಗಿದ್ದಾಗ ತೆಗೆದದ್ದಕ್ಕೆ ಏನು ಸಾಕ್ಷಿ ಎಂದ. ಮೊದಲ ಚಿತ್ರ ಗೌರೀಶನ ಹತ್ತಿರ ಇತ್ತು, ಉಳಿದದ್ದನ್ನು ಅತೀಕ ತಾನೇ ಸಿಟ್ಟಿನ ಭರದಲ್ಲಿ ಅಳಿಸಿದ್ದ. ಕರೆಸಿ ಕೇಳಿದಾಗ ಮುದಕಪ್ಪ, ಅತ್ತಿಗೆ ಮೊಣಕಾಲು ನೋವಿಗೆಂದು ಎಣ್ಣೆಯನ್ನು ತಾನೇ ಹಚ್ಚಿಕೊಂಡಳು ಎಂದು ಕಣ್ಣು ಪಿಳುಕಿಸದೆ ಹೇಳಿದ. ಒಂದೇ ಒಲೆಯ ಅನ್ನ ಉಂಡವನ ಆ ಮಾತು ಕೇಳಿ ಅತೀಕನಿಗೆ ಹುಣ್ಣನ್ನು ಕಂಡದ್ದಕ್ಕಿಂತ ಹೆಚ್ಚು ವಾಕರಿಕೆ ಬಂತು. ಸುಂದರವ್ವ ಠಾಣೆಗೆ ಬರಲು ಒಪ್ಪಲಿಲ್ಲ, ದೂರು ಅಲ್ಲಿಗೇ ನಿಂತಿತು.

ಸ್ವಲ್ಪ ದಿನಕ್ಕೆ ಜಾಹೀರಾತು ಮೊಬೈಲುಗಳಲ್ಲಿ ಬಂದೇಬಿಟ್ಟಿತು. ಅತೀಕ ತೆಗೆದಿದ್ದ ಒಳ್ಳೆಯ ಕಾಲಿನ ಮೇಲೆ ಯಾರೋ ಕಂಪ್ಯೂಟರಿನಲ್ಲಿ ಹುಣ್ಣು ಬರೆದಿದ್ದರು. ಒಡ್ಡೊಡ್ಡಾಗಿತ್ತು, ಕಾಲು ಒಂದು ಕಡೆ ಹೋದರೆ ಹುಣ್ಣು ಒಂದು ಕಡೆ ಜಾರುತ್ತಿತ್ತು. ಯರಗಟ್ಟಿಯ ಚಹಾದಂಗಡಿಯಲ್ಲಿ ಜನ ಅದನ್ನು ನೋಡಿ, ಎಂಥ ಮುಲಾಮು ಎಂದು ಬೆರಗಾಗುತ್ತಿದ್ದರು. ಹುಣ್ಣು ಬರೆದದ್ದೆಂಬುದು ಯಾರಿಗೂ ತಿಳಿಯಲಿಲ್ಲ. ಹಾಗಿದ್ದರೆ ಆ ಕಾಲನ್ನು ಸುಟ್ಟದ್ದು ಯಾತಕ್ಕೆ? ಅತೀಕ ಚಹಾ ಬಿಟ್ಟು ಎದ್ದ, ನೇರ ಸಾಲಹಳ್ಳಿಗೆ ಹೋದ.

ನಡೆದದ್ದನ್ನು ಕ್ಯಾಮೆರಾದ ಎದುರು ಹೇಳಬೇಕೆಂದು ಕೇಳಿದಾಗ ಸುಂದರವ್ವ ಮೊದಲು ಒಲ್ಲೆ ಎಂದಳು. ಅತೀಕ ಮೊಬೈಲಿನಲ್ಲಿ ಜಾಹೀರಾತು ತೋರಿಸಿದ. ಅವಳು ಅದನ್ನು ಎರಡು ಸಲ ನೋಡಿದಳು.

"ಇದು ನಂದs ಕಾಲು," ಎಂದಳು. "ಹಚ್ಚು ನಿನ್ನ ಮಿಷನ್ನು. ನಾ ಹೇಳತೇನಿ."

ಯಂತ್ರ ಬೇಕಾಗಲಿಲ್ಲ. ಅವಳ ಮನೆಯ ಕಟ್ಟೆಯ ಎದುರು ಅತೀಕ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿದ. ಯಾರು ಬಂದರು, ಏನು ಹಚ್ಚಿದರು, ಮೈದುನ ಏನೆಂದ, ಎಲ್ಲವನ್ನೂ ಅವಳು ತಡವರಿಸದೆ ಹೇಳಿ, ಕಪ್ಪಾಗಿ ಸುಕ್ಕುಗಟ್ಟಿದ ಕಾಲನ್ನು ಮುಂದೆ ಚಾಚಿದಳು. ಅದು ಕಟಕೋಳ, ಯರಗಟ್ಟಿ, ರಾಮದುರ್ಗದ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಅಂಗಡಿಯವರು ಮುಲಾಮಿನ ಡಬ್ಬಿಗಳನ್ನು ಒಳಗೆ ಸರಿಸಿದರು. ದೂರದ ಊರುಗಳಲ್ಲಿ ಗೌರೀಶ ಇನ್ನೂ ಮಾರುತ್ತಿದ್ದಾನೆಂದು ಸುದ್ದಿ. ಮುದಕಪ್ಪ ಬೇರೆ ಒಲೆ ಹೂಡಿದ.

ಅತೀಕನ ಹೇಸಿಕೆ ಅಲ್ಲಿಗೆ ತೀರಲಿಲ್ಲ. ಜನ ಗಾಡಿ ಮಾಡಿಕೊಂಡು ಸಾಲಹಳ್ಳಿಗೆ ಬಂದು, ಕಾಲು ತೋರಿಸು ಎಂದು ಸುಂದರವ್ವನನ್ನು ಕೇಳುತ್ತಿದ್ದರು. ಕೆಲವರು ಫೋಟೋ ತೆಗೆದುಕೊಳ್ಳುತ್ತಿದ್ದರು. ತಾನೂ ಅವಳ ಕಾಲನ್ನು ತೋರಿಸಲೆಂದೇ ಇಟ್ಟೆನಲ್ಲ ಎಂದು ಅವನು ಕುದಿದ. ಒಂದು ದಿನ ಹೊಲಕ್ಕೇ ಹೋಗಿ, ಆ ವಿಡಿಯೊ ತೆಗೆದುಹಾಕಲೇ ಎಂದು ಕೇಳಿದ. ಅವಳು ಕಳೆ ತೆಗೆಯುವ ಕುರ್ಚಿಗಿಗೆ ಮೆತ್ತಿದ್ದ ಮಣ್ಣು ಜಾಡಿಸಿದಳು.

"ಇರಲಿ ಬಿಡು. ಬಂದವರಿಗೆ, ಅದರಾಗs ನೋಡ್ಕೊಂಡ್ ಹೋಗ್ರಿ ಅಂತೇನಿ. ಕಾಲು ತೋರಸೂದು ಬಿಟ್ಟೇನಿ ನಾ."

ಹೇಳಿದವಳು ಸೀರೆಯ ಅಂಚನ್ನು ಕಾಲ ತುಂಬ ಎಳೆದುಕೊಂಡು ಮುಂದಿನ ಸಾಲಿಗೆ ಸರಿದಳು.