ಮತ್ತಿಮರದ ಗುಂಡಿಯ ಮೀನು

ದೇವರಮನೆ ಗುಡ್ಡದ ಕಡೆಯಿಂದ ಇಳಿದು ಬರುವ ಹಳ್ಳ ದ್ಯಾವಮ್ಮನ ಗದ್ದೆಯ ಹತ್ತಿರ ಬರುವಾಗ ದಣಿದವರ ಹಾಗೆ ನಿಧಾನವಾಗುತ್ತದೆ. ಅಲ್ಲೊಂದು ಮತ್ತಿಮರ, ಅದರ ಬೇರಿನಡಿ ಒಂದು ಗುಂಡಿ. ಮಳೆಗಾಲದಲ್ಲಿ ಗುಂಡಿ ಎಲ್ಲಿದೆ ಎಂದು ಕೇಳಿದರೆ ಯಾರೂ ತೋರಿಸಲಾರರು, ಎಲ್ಲ ಒಂದೇ ಕೆಂಪು ನೀರು. ಶಿವರಾತ್ರಿ ಕಳೆದ ಮೇಲೆ ಮಾತ್ರ ಅದು ಕಾಣುತ್ತದೆ. ಸುತ್ತಲೂ ಬರೀ ಕಲ್ಲು, ಕಲ್ಲಿನ ಸಂದಿಯಲ್ಲಿ ಬೋಗುಣಿಯಷ್ಟು ನೀರು, ಮತ್ತೆ ಈ ಗುಂಡಿ.

ದ್ಯಾವಮ್ಮನಿಗೆ ಅರವತ್ತು ದಾಟಿದೆ. ವಿಶ್ವನಾಥ ಗೌಡರ ಎಸ್ಟೇಟಿನಲ್ಲಿ ಕಾಫಿ ಸಸಿ ಮಾಡುವುದು ಅವಳ ಕೆಲಸ. ಬೀಜವನ್ನು ಮಡಿಗೆ ಹಾಕಬೇಕು, ಬೀಜವನ್ನೇ ಟೋಪಿಯ ಹಾಗೆ ಹೊತ್ತು ಎದ್ದ ಮೊಳಕೆಯನ್ನು ಮೆಲ್ಲಗೆ ಕೀಳಬೇಕು, ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಗೆ ಒಂದೊಂದಾಗಿ ಇಡಬೇಕು. ಅವಳ ಕೈಯಲ್ಲಿ ಸಾಯುವ ಸಸಿ ಕಡಿಮೆ. ಮಗ ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಎಸ್ಟೇಟುಗಳಿಗೆ ಜೀಪು ಓಡಿಸುತ್ತಾನೆ. ಸೊಸೆ ರೂಪಶ್ರೀ ಮನೆ, ದನ, ಅತ್ತೆ ಮೂರನ್ನೂ ನೋಡಿಕೊಳ್ಳುತ್ತಾಳೆ. ಮೂರರಲ್ಲಿ ದನವೇ ಹೇಳಿದ ಮಾತು ಕೇಳುವುದು ಎಂದು ಅವಳ ದೂರು.

ಆ ಹಳ್ಳದಲ್ಲಿ ಹತ್ತುಮೀನು ಇತ್ತು. ಮೊದಲ ದೊಡ್ಡ ಮಳೆಗೆ ಹಳ್ಳವೂ ಗದ್ದೆಯೂ ಕೂಡಿಕೊಂಡಾಗ ಮೀನುಗಳು ನೀರಿಗೆದುರಾಗಿ ಗದ್ದೆಗೆ ಹತ್ತುತ್ತವೆ. ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಗದ್ದೆಯ ತೆಳುನೀರಿನಲ್ಲಿ ಮೊಟ್ಟೆ ಇಟ್ಟು, ಮಳೆ ಇಳಿದ ಮೇಲೆ ತಾವೂ ಮರಿಗಳೂ ಹಳ್ಳಕ್ಕೆ ಇಳಿಯುತ್ತವೆ. ಊರವರು ಹಿಂದಿನಿಂದಲೂ ಗದ್ದೆಯ ಬಾಯಿಗೆ ಕೂಳಿ ಇಡುತ್ತಿದ್ದರು. ಕೂಳಿಯೆಂದರೆ ಬಿದಿರಿನ ಉದ್ದ ಬುಟ್ಟಿ, ಒಳಗೆ ಹೋದ ಮೀನು ಹೊರಗೆ ಬರಲಾರದು. ಆದರೂ ಕೂಳಿಯ ಪಕ್ಕದಲ್ಲಿ ನುಸುಳಿ ಹತ್ತುವ ಮೀನು ಬೇಕಾದಷ್ಟು ಇರುತ್ತಿತ್ತು. ಆಮೇಲೆ ಹಳ್ಳಕ್ಕೆ ಅಡ್ಡಲಾಗಿ ಬಲೆ ಕಟ್ಟುವುದು ಬಂತು. ದ್ಯಾವಮ್ಮನ ಮಗ ಮತ್ತು ಪಂಪು ರಿಪೇರಿಯ ಮುನವ್ವರ್ ಇಬ್ಬರೂ ಸೇರಿ ಒಂದು ಬಲೆ ತಂದರು. ಮೊಟ್ಟೆಮೀನಿನ ಸಾರಿನ ರುಚಿ ಬೇರೆ ಯಾವುದಕ್ಕೂ ಇಲ್ಲ, ಅದನ್ನು ದ್ಯಾವಮ್ಮನೂ ಉಂಡಳು. ಎರಡು ಮಳೆಗಾಲ ಹಾಗೆ ನಡೆಯಿತು. ಹೋದ ವರ್ಷ ಅವಳು ಕೊಡೆ ಹಿಡಿದು ಗದ್ದೆ ಬದುವಿನ ಮೇಲೆ ನಿಂತಿದ್ದಾಗ ಹತ್ತಿ ಬಂದದ್ದು ಒಂದು ಕಪ್ಪೆ.

ಹಾಗಾಗಿ ಈ ಬೇಸಿಗೆಯಲ್ಲಿ ಬಟ್ಟೆ ಒಗೆಯಲು ಹೋದಾಗ ಗುಂಡಿಯಲ್ಲಿ ಬೆಳ್ಳಿಪೊರೆಯ ಮೀನು ತಿರುಗಿದ್ದು ಕಂಡು ಅವಳು ಸೋಪನ್ನು ಕಲ್ಲಿನ ಮೇಲೆಯೇ ಬಿಟ್ಟು, ಹಳ್ಳದ ಮೇಲಿನ ಗುಂಡಿಗಳಿಗೂ ಇಣುಕಿ ಮನೆಗೆ ಬಂದಳು.

"ಬೀಜಕ್ಕೆ ಒಂದಿಷ್ಟು ಉಳಿದಾವೆ ಕಣೆ" ಎಂದಳು ಸೊಸೆಗೆ. "ಮೇಲಿನ ಗುಂಡಿಗಳಲ್ಲೂ ಇದಾವೆ."

"ಸಾರಿಗಾಗೋಷ್ಟು ಇದಾವಾ ಅತ್ತೆ?"

"ಬೀಜದ ಭತ್ತ ಕುಟ್ಟಿ ಅನ್ನ ಮಾಡ್ತಾರೇನೆ ಯಾರಾದ್ರೂ? ಮಳೆ ಹಿಡಿಯೋವರೆಗೆ ಇವು ಉಳಿದ್ರೆ ಮುಂದೆ ಹಳ್ಳದಲ್ಲಿ ಮೀನು. ಈಗ ಹೋದ್ರೆ ಹೋಯ್ತು, ಎಲ್ಲಿಂದ ತರ್ತೀಯ?"

ಅದು ನಿಜವೂ ಹೌದು. ಕೆಳಗೆ ಹಳ್ಳ ಧುಮುಕುವ ದೊಡ್ಡ ಹಾಸುಬಂಡೆಯ ಅಬ್ಬಿ ಇದೆ, ಅದನ್ನು ಹಾರಿ ಹೊಸ ಮೀನು ಬರುವುದಿಲ್ಲ. ಇದ್ದದ್ದು ಇಷ್ಟೇ.

ಆದರೆ ಅದೇ ಹೊತ್ತಿಗೆ ರೊಬಸ್ಟಾ ಕಾಫಿಯ ಮೊಗ್ಗು ಬಲಿತಿತ್ತು. ಅದನ್ನು ಅರಳಿಸುವ ಹೂಮಳೆಯ ಸುಳಿವಿಲ್ಲ. ಗೌಡರು ಹಳ್ಳಕ್ಕೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕಿಸುವ ತಯಾರಿಯಲ್ಲಿದ್ದರು. ದ್ಯಾವಮ್ಮ ಹೋಗಿ ಅಂಗಳದಲ್ಲಿ ನಿಂತಳು.

"ಗೌಡ್ರೇ, ಮತ್ತಿಮರದ ಗುಂಡಿಗೆ ಪಂಪು ಇಡಬೇಡಿ. ಮೀನಿದಾವೆ."

"ದ್ಯಾವಮ್ಮ, ಹೂವಿಗೆ ನೀರು ಕೊಡದಿದ್ರೆ ಫಸಲು ಎಲ್ಲಿಂದ ಬರಬೇಕು? ಇದನ್ನ ನಿಮಗೆ ನಾನು ಹೇಳಬೇಕಾ?"

"ಹೇಳೋದು ಬೇಡ. ಅದಕ್ಕೇ ಎಲ್ಲಾ ಗುಂಡಿ ಬಿಡಿ ಅಂತಿಲ್ಲ, ಒಂದು ಬಿಡಿ."

ಗೌಡರು ಮೋಡವಿಲ್ಲದ ಆಕಾಶ ನೋಡಿದರು. "ಸರಿ. ಮೇಲಿನವುಗಳಿಂದ ಎತ್ತಿಸ್ತೀನಿ. ನಿಮ್ಮದನ್ನ ಮುಟ್ಟಲ್ಲ."

ಪಂಪು ಶುರುವಾಗುವ ಮೊದಲು ಅತ್ತೆ ಸೊಸೆ ಸೇರಿ ಮೇಲಿನ ಗುಂಡಿಗಳ ಮೀನನ್ನೆಲ್ಲ ಹಳೆಯ ಸೀರೆಯಲ್ಲಿ ಗೋರಿ, ಬಕೆಟ್ಟಿನಲ್ಲಿ ತಂದು ಮತ್ತಿಮರದ ಗುಂಡಿಗೆ ಬಿಟ್ಟರು. ನೀರೊಳಗೆ ಅಷ್ಟು ಮೀನು ಒಟ್ಟಿಗೆ ತಿರುಗುವುದನ್ನು ನೋಡಿ ದ್ಯಾವಮ್ಮನಿಗೆ ಹೊಟ್ಟೆ ತಂಪಾಯಿತು. ಮಾರನೆಯ ದಿನದಿಂದ ಅನ್ನ ತಂದು ಹಾಕತೊಡಗಿದಳು. ಮೀನುಗಳೂ ಕೋಳಿಗಳ ಹಾಗೆ ಓಡಿ ಬರುವುದನ್ನು ಕಲಿತವು.

"ನನ್ನ ಗಂಡನಿಗೂ ಇಷ್ಟು ಅನ್ನ ಬಡಿಸಿದ್ದು ನೋಡಿಲ್ಲ ನಾನು" ಎಂದು ರೂಪಶ್ರೀ ಗೊಣಗಿದಳು.

ಸೆಕೆ ಏರಿತು. ಒಂದು ಮುಂಜಾನೆ ದ್ಯಾವಮ್ಮ ಹೋಗಿ ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಒಂದಷ್ಟು ಹೊಟ್ಟೆ ಮೇಲಾಗಿ ತೇಲುತ್ತಿವೆ. ಅವಳು ಅನ್ನದ ಬಟ್ಟಲು ಕೆಳಗಿಟ್ಟು ಕಂಡ ಕಂಡವರಿಗೆಲ್ಲ ಶಾಪ ಹಾಕತೊಡಗಿದಳು. ಯಾವನೋ ಹಾಳಾದವನು ಮೀನು ಹಿಡಿಯಲು ಬ್ಲೀಚಿಂಗ್ ಪುಡಿ ಹಾಕಿದ್ದಾನೆ, ಅವನ ಮನೆ ಒಲೆ ಆರಲಿ, ಅವನ ಬಾವಿ ಬತ್ತಲಿ.

ಮೇಲೆ ಪಂಪಿನ ಹತ್ತಿರ ಕೆಲಸ ಮಾಡುತ್ತಿದ್ದ ಮುನವ್ವರ್ ಶಾಪ ಕೇಳಿ ಇಳಿದು ಬಂದ.

"ಯಾರಿಗೆ ದ್ಯಾವಕ್ಕ, ಬೆಳಗಾಗೆದ್ದು ಇಷ್ಟು ಪೂಜೆ?"

"ನೋಡು ಮಾರಾಯ, ವಿಷ ಹಾಕಿದಾರೆ."

ಮುನವ್ವರ್ ಕುಕ್ಕರಗಾಲಲ್ಲಿ ಕೂತು ನೋಡಿದ. "ವಿಷ ಹಾಕಿದ್ರೆ ಆ ಕಪ್ಪೆ ಹಂಗೆ ಆರಾಮಾಗಿ ಕೂತಿರ್ತಿತ್ತಾ? ಏಡಿನೂ ಓಡಾಡ್ತಾ ಇದೆ. ಮೀನಿಗೆ ಮಾತ್ರ ಉಸಿರು ಸಾಲ್ತಿಲ್ಲ. ನಿಮ್ಮ ಮಗ ಮೂಡಿಗೆರೆಯಿಂದ ಜನ ತುಂಬ್ಕೊಂಡು ಬರ್ತಾನಲ್ಲ, ಆ ಜೀಪಲ್ಲಿ ಮಧ್ಯದಲ್ಲಿ ಕೂತೋರ ಮುಖ ನೋಡಿದೀರಾ? ಇದೇ ಮುಖ."

ದ್ಯಾವಮ್ಮ ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ಹಳಸಿದ ಅನ್ನದ ವಾಸನೆ. ಒತ್ತಾಗಿ ಬೀಜ ಬಿದ್ದ ಮಡಿಯಲ್ಲಿ ಮೊಳಕೆಗಳ ಕುತ್ತಿಗೆ ಕೊಳೆಯುತ್ತದೆ ಎಂದು ಹೊಸಬರಿಗೆ ಹೇಳಿಕೊಡುವವಳು ಅವಳೇ. ಎಷ್ಟು ಜಾಗವೋ ಅಷ್ಟೇ ಸಸಿ, ಹೆಚ್ಚು ಗೊಬ್ಬರ ಸುರಿದರೆ ಜಾಗ ಹೆಚ್ಚುವುದಿಲ್ಲ, ಕೊಳೆ ಹೆಚ್ಚುತ್ತದೆ. ಮಡಿಯಲ್ಲಿ ಕಂಡದ್ದು ನೀರಿನಲ್ಲಿ ಕಂಡಿರಲಿಲ್ಲ.

"ಒಲೆ ಆರಲಿ ಅಂದೆನಲ್ಲ" ಎಂದಳು ಮೆಲ್ಲಗೆ. "ಅದು ನನ್ನ ಮನೆ ಒಲೆಗೇ ಬಂತು."

"ಶಾಪ ಆಮೇಲೆ ವಾಪಸ್ ತಗೊಳ್ಳಿ. ಮೊದಲು ಬಕೆಟ್ ತನ್ನಿ."

ಮುನವ್ವರ್ ಸಣ್ಣ ಪಂಪು ತಂದು ಗುಂಡಿಯ ನೀರನ್ನೇ ಎತ್ತಿ, ಮೇಲಿನಿಂದ ಮಳೆಯ ಹಾಗೆ ಗುಂಡಿಗೇ ಬೀಳಿಸಿದ. ನೀರು ಬಿದ್ದಲ್ಲಿ ಮೀನು ಗುಂಪುಗೂಡಿ ಉಸಿರು ತೆಗೆದುಕೊಂಡವು. ಅಷ್ಟರಲ್ಲಿ ದ್ಯಾವಮ್ಮ ಹೆಚ್ಚಾದ ಮೀನನ್ನು ಎಲ್ಲಿ ಬಿಡುವುದೆಂದು ಫೋನಿನಲ್ಲಿ ಗೌಡರನ್ನು ಕೇಳಿದಳು. ಎಸ್ಟೇಟಿನ ಕೆರೆಗೆ ಬಿಡಿ ಎಂದರು ಅವರು.

"ಎಲ್ಲವನ್ನೂ ಅಲ್ಲಿಗೇ ಹಾಕಣ" ಎಂದ ಮುನವ್ವರ್.

"ಬೇಡಪ್ಪ. ಒಂದೇ ಮಡಿ ನಂಬಿ ಒಂದ್ಸಲ ಕೆಟ್ಟೆ. ಕೆರೇಲಿ ದೊಡ್ಡ ಮೀನಿದ್ರೆ ಇವನ್ನ ನುಂಗ್ತಾವೆ. ಒಂದು ಪಾಲು ಕೆರೆಗೆ, ಒಂದು ಪಾಲು ನಮ್ಮ ನರ್ಸರಿ ತೊಟ್ಟಿಗೆ, ಒಂದು ಪಾಲು ಇಲ್ಲೇ ಇರಲಿ. ಒಂದು ಕಡೆ ಕುತ್ತು ಬಂದ್ರೂ ಇನ್ನೊಂದು ಕಡೆ ಬೀಜ ಉಳೀಬೇಕು."

ಮಗನ ಜೀಪಿನಲ್ಲಿ ಡ್ರಮ್ಮು ಇಟ್ಟು ಮೀನು ಸಾಗಿಸಿದರು. ಸತ್ತವನ್ನು ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿದರು. ಅಂದಿನಿಂದ ದ್ಯಾವಮ್ಮ ಗುಂಡಿಗೆ ಒಂದು ಅಗುಳೂ ಹಾಕಲಿಲ್ಲ, ಮರದಿಂದ ಬೀಳುವ ಹುಳ ಅವಕ್ಕೆ ಸಾಕಾಯಿತು. ಆ ಸಂಜೆ ಕೈ ತೊಳೆಯುತ್ತಿದ್ದ ಮುನವ್ವರನಿಗೆ ಅವಳು ಮಾತು ಕೊಟ್ಟಳು: "ಇವು ಉಳಿದ್ರೆ ನಿಂಗೆ ಹತ್ತುಮೀನಿನ ಸಾರು ಮಾಡಿ ಕರೀತೀನಿ."

ಕೆರೆಗೆ ಬಿಟ್ಟವು ಏನಾದವೋ, ಮತ್ತೆ ಕಾಣಲಿಲ್ಲ. ತೊಟ್ಟಿಯವು ಚೆನ್ನಾಗಿದ್ದವು. ಮೇ ತಿಂಗಳ ಗುಡುಗುಮಳೆಗೆ ಹಳ್ಳದಲ್ಲಿ ನೀರು ಕೂಡಿದಾಗ ಅವನ್ನು ಹಳ್ಳಕ್ಕೆ ತಂದು ಬಿಟ್ಟಳು.

ಜೂನಿನಲ್ಲಿ ಮಳೆ ಹಿಡಿಯಿತು. ಹಳ್ಳ ಕೆಂಪಾಗಿ ಗದ್ದೆಯ ಬಾಯಿಗೆ ಬಂದ ಬೆಳಿಗ್ಗೆ ದ್ಯಾವಮ್ಮ ಬದುವಿನ ಮೇಲೆ ನಿಂತಿದ್ದಳು. ಕೈಯಲ್ಲಿ ಕೊಡೆ ಇತ್ತು, ಕೂಳಿ ಇರಲಿಲ್ಲ. ತುಂಬ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಹರಿಯುವ ನೀರಿನ ಮೇಲೆ ಒಂದು ಬೆನ್ನು ಹೊಳೆಯಿತು, ಕಲ್ಲಿಗೆ ಬಡಿದು ಜಾರಿತು, ಮತ್ತೆ ಬಂತು, ಗದ್ದೆಗೆ ಹಾರಿತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಗುಂಪು.

ಹಿಂದಿನಿಂದ ಮುನವ್ವರ್ ಬಂದ. ಹೆಗಲ ಮೇಲೆ ಬಲೆ, ಕೈಯಲ್ಲಿ ಮುಚ್ಚಳದ ಡಬ್ಬಿ.

"ಬಂದ್ವಲ್ಲ ದ್ಯಾವಕ್ಕ. ಮಾತು ನೆನಪಿದೆಯಲ್ಲ?"

"ನೆನಪಿದೆ. ಬಲೆ ಕೆಳಗಿಡು."

"ಕೆಳಗಿಟ್ರೆ ಸಾರು ಹೆಂಗೆ?"

"ನೋಡು ಮಾರಾಯ, ಇವು ಬಸುರಿ ಹೆಂಗಸರು, ಬಾಣಂತನಕ್ಕೆ ತವರಿಗೆ ಹೊರಟಿದಾವೆ. ನಿನ್ನ ತಂಗಿ ಶೈಮಾ ಬಸುರಿಯಾಗಿ ಮನೆಗೆ ಬರುವಾಗ ದಾರೀಲಿ ಯಾರಾದ್ರೂ ಅಡ್ಡ ನಿಂತಿದ್ರೆ ಸುಮ್ನೆ ಇರ್ತಿದ್ಯಾ ನೀನು? ಒಂದೊಂದರ ಹೊಟ್ಟೇಲಿ ಲೆಕ್ಕ ಇಲ್ಲದಷ್ಟು ಮೊಟ್ಟೆ. ಕಪ್ಪೆ ತಿನ್ನುತ್ತೆ, ಕೊಕ್ಕರೆ ತಿನ್ನುತ್ತೆ, ನೀರುಹಾವು ತಿನ್ನುತ್ತೆ. ಎಲ್ಲರ ಪಾಲು ಹೋಗಿ ಒಂದಿಷ್ಟು ಉಳಿದ್ರೂ ಹಳ್ಳ ತುಂಬುತ್ತೆ. ಹೊಟ್ಟೇಲಿದ್ದಾಗಲೇ ನಾವು ತಿಂದ್ರೆ ಉಳಿಯೋದಕ್ಕೆ ಏನಿದೆ?"

ಮುನವ್ವರ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದ, ಮತ್ತೆ ಮುಚ್ಚಿದ. "ಅಂದ್ರೆ ನನಗೆ ಮೋಸ."

"ಮೋಸ ಯಾಕೆ? ಮಳೆ ಇಳಿದ ಮೇಲೆ ಬಾಣಂತಿಯರು ಹಳ್ಳಕ್ಕೆ ಇಳೀತಾರೆ. ಆಗ ಕೂಳಿ ಇಡ್ತೀನಿ, ಮರಿ ನುಸುಳಿ ಹೋಗೋ ಹಾಗೆ ಅಗಲ ಕಣ್ಣಿನದ್ದು. ಸಿಕ್ಕಿದ ದೊಡ್ಡದರಲ್ಲಿ ಮೊದಲ ಸಾರು ನಿಂದು."

"ಅಲ್ಲಿವರೆಗೆ?"

ಮನೆಯ ಕಡೆಯಿಂದ ರೂಪಶ್ರೀ ಕೂಗಿದಳು, "ಒಣಮೀನಿನ ಚಟ್ನಿ, ಅಕ್ಕಿರೊಟ್ಟಿ ಆಗಿದೆ ಮುನವ್ವರಣ್ಣ, ಬನ್ನಿ. ಅತ್ತೆ ಅಲ್ಲೇ ನಿಂತು ಹೆರಿಗೆ ಮಾಡಿಸಿ ಬರ್ತಾರೆ."

ಮುನವ್ವರ್ ಬಲೆಯನ್ನು ಸುತ್ತಿ ಬೇಲಿಗೆ ನೇತುಹಾಕಿ ಮನೆಯತ್ತ ನಡೆದ. ದ್ಯಾವಮ್ಮ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದಳು. ಕಲ್ಲಿಗೆ ಸಿಕ್ಕಿ ಒದ್ದಾಡುತ್ತಿದ್ದ ಒಂದು ಮೀನನ್ನು ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ಗದ್ದೆಯ ಕಡೆಗೆ ನೂಕಿದಳು.