ಗಿಟಾರ್ ಮೇಷ್ಟ್ರೂ ಹಿತಕಿದ ಬೇಳೆಯೂ

ಮೇಷ್ಟ್ರ ಬಲಗೈ ಉಗುರುಗಳು ನನ್ನವಕ್ಕಿಂತ ಚೆನ್ನಾಗಿದ್ದವು. ಚಂದ್ರಾ ಲೇಔಟಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸು ನಾನು, ಇದನ್ನು ಒಪ್ಪಿಕೊಳ್ಳಬೇಕಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಡಗೈ ಉಗುರುಗಳನ್ನು ಮಾತ್ರ ಮೊಂಡಾಗಿ ಕತ್ತರಿಸಿರುತ್ತಿದ್ದರು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತರೆ ಒಂದು ಕೈ ಅವರದು, ಇನ್ನೊಂದು ಯಾರದೋ ಎನ್ನಿಸುತ್ತಿತ್ತು.

ಅವರು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಗಂಡ್ಸಾಗಿ ಉಗುರು ಬಿಟ್ಟವ್ನಲ್ಲೇ! ಮಾಟ ಗೀಟ ಮಾಡೋನಾ, ಸರಿಯಾಗಿ ವಿಚಾರ್ಸು."

ಮಾಟವಲ್ಲ, ಗಿಟಾರು. ಹುಡುಗ ವಯಸ್ಸಿನಲ್ಲಿ ರಾಜಾಜಿನಗರದ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಕ್ಕೆ ನುಡಿಸುತ್ತಿದ್ದರಂತೆ. ಯಾರದೋ ಮನೆಯಲ್ಲಿ ಒಂದು ರೆಕಾರ್ಡು ಕೇಳಿದರಂತೆ. ಹಾಡಿಲ್ಲ, ಡ್ರಮ್ಮಿಲ್ಲ, ಒಂಟಿ ಗಿಟಾರು, ಅದೂ ಎಡಗೈಯಲ್ಲಿ ತಂತಿ ಒತ್ತಿ ಬಲಗೈ ಉಗುರಿನಿಂದಲೇ ಮೀಟಿದ್ದು. ಮಾರನೆಯ ದಿನವೇ ಆರ್ಕೆಸ್ಟ್ರಾ ಬಿಟ್ಟರು, ಉಗುರು ಬಿಟ್ಟರು. ಆಮೇಲಿನ ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳುವುದು, ತಮ್ಮದೇ ಕೃತಿಗಳನ್ನು ಕಟ್ಟುವುದು. ಎಲ್ಲಿ ನುಡಿಸಿದರೂ ಜನ ಸ್ವಲ್ಪ ಹೊತ್ತು ಕಾದು "ಸಾರ್, ಹಾಡೋರು ಇನ್ನೂ ಬಂದಿಲ್ವಾ?" ಎನ್ನುತ್ತಿದ್ದರು.

ಆ ಉಗುರಿನ ಉಪಚಾರ ನೋಡಬೇಕಿತ್ತು! ಬೆಳಗ್ಗೆ ಮೆಟ್ಟಿಲ ಮೇಲೆ ಕುಳಿತು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡುವರು. ಬಸ್ಸು ಹತ್ತುವಾಗ ಬಲಗೈಗೊಂದು ಉಲ್ಲನ್ ಗ್ಲೌಸು. ಕಂಡಕ್ಟರು ಸುಟ್ಟ ಗಾಯವೆಂದುಕೊಂಡು ಸೀಟು ಬಿಡಿಸಿಕೊಟ್ಟರೆ ನಾಚಿಕೆಯಿಲ್ಲದೆ ಕುಳಿತುಬಿಡುವರು. ನನ್ನ ಪಾರ್ಲರಿಗೆ ಬರುತ್ತಿದ್ದ ಏಕೈಕ ಗಂಡಸೂ ಅವರೇ. ಹುಬ್ಬು ತೀಡಿಸಿಕೊಳ್ಳುತ್ತಿದ್ದ ಆಂಟಿಯರು ಕಿರುಚಿಕೊಂಡು ಸೆರಗು ಹೊದ್ದರೆ, ಇವರು ನೆಲ ನೋಡುತ್ತಾ "ಉಗುರಿಗೆ ಎಣ್ಣೆ ಇದೆಯೇನಮ್ಮ?" ಎಂದು ಕೇಳುವರು. ಮುದ್ದೆಯನ್ನು ಚಮಚದಲ್ಲಿ ತಿಂದಿದ್ದು ಮಾತ್ರ ಅತ್ತೆಗೆ ಸಹಿಸಲಾಗಲಿಲ್ಲ. ತಟ್ಟೆಯನ್ನೇ ಕಿತ್ತುಕೊಂಡಿದ್ದರು.

"ಮದುವೆ ಯಾಕಾಗ್ಲಿಲ್ಲ ಮೇಷ್ಟ್ರೇ?" ಎಂದು ನಾನೊಮ್ಮೆ ಕೇಳಿದೆ.

"ಈ ಕೈ ನೋಡಿ ಯಾವ ಪುಣ್ಯಾತ್ಮ ಹೆಣ್ಣು ಕೊಡ್ತಾನಮ್ಮ?"

ಅವರ ಕೃತಿಗಳಲ್ಲಿ ಒಂದರ ಮೇಲೆ ಅವರು ಜೀವವನ್ನೇ ಇಟ್ಟುಕೊಂಡಿದ್ದರು. ಹಳೇ ಕೆಂಗೇರಿಯಲ್ಲಿ ಅವರಮ್ಮ ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಸದ್ದು ಅದು. ಮೂರು ಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಬಿಡುವಿಲ್ಲದೆ ಮೀಟಬೇಕು, ಆಗಲೇ ಹನಿ ಕಡಿಯದೆ ಬೀಳುವುದು. "ಒಂದ್ ಸಲ, ಒಳ್ಳೆ ಹಾಲ್‌ನಲ್ಲಿ ಜನ ಸುಮ್ನೆ ಕೂತು ಅದನ್ನ ಪೂರ್ತಿ ಕೇಳ್ಬೇಕಮ್ಮ. ಆಮೇಲೆ ಸತ್ರೂ ಚಿಂತೆಯಿಲ್ಲ," ಎನ್ನುತ್ತಿದ್ದರು.

ಅಂತೂ ರಾಜಾಜಿನಗರದ ಒಂದು ಸಂಗೀತ ಸಭೆಯವರು ಕರೆದರು. ಕಾರ್ಯಕ್ರಮದ ದಿನ ಬೆಳಗ್ಗೆ ಮೇಷ್ಟ್ರು ಅತ್ತೆಯ ಆಶೀರ್ವಾದ ಪಡೆಯಲು ಕೆಳಗಿಳಿದು ಬಂದರು. ಅವರೆಕಾಯಿ ಕಾಲ. ಅತ್ತೆ ರಾತ್ರಿ ನೆನೆಸಿದ ಕಾಳನ್ನು ಬೋಗುಣಿಯಲ್ಲಿಟ್ಟುಕೊಂಡು ಸಿಪ್ಪೆಯಿಂದ ಹಿತಕಿ ಬೇಳೆ ತೆಗೆಯುತ್ತಿದ್ದರು. "ಬಾರಪ್ಪ, ಸುಮ್ನೆ ಕೂತ್ಕೊಂಡಿರೋ ಬದ್ಲು ನಾಲ್ಕು ಕಾಳು ಹಿತ್ಕು. ಸಾರು ಬೇಕು ಅಂದ್ರೆ ಕೈ ಹಾಕ್ಬೇಕು," ಎಂದರು. ಊರೆಲ್ಲ ಬೇಡಿಕೊಂಡರೂ ಒಂದು ಲೋಟ ತೊಳೆಯದ ಮನುಷ್ಯ, ಅತ್ತೆಯ ಮಾತಿಗೆ ಎದುರಾಡಲಾರದೆ ಕುಳಿತುಬಿಟ್ಟರು. ಮಾತಾಡುತ್ತಾ ನಗುನಗುತ್ತಾ ಹಿತಕಿದರು. ನೆಂದ ಉಗುರು ಮೆತ್ತಗಾಗಿತ್ತೋ ಏನೋ, ಉಂಗುರದ ಬೆರಳಿನದು ಬುಡದವರೆಗೂ ಸೀಳಿತು.

ಮೇಷ್ಟ್ರ ಮುಖ ನೋಡಿ ಪಾರ್ಲರಿಗೆ ಓಡಿದೆ. ನನ್ನ ಗ್ರಹಚಾರಕ್ಕೆ ಉಳಿದಿದ್ದದ್ದು ಮದುವಣಗಿತ್ತಿಯರ ನಕಲಿ ಉಗುರುಗಳು ಮಾತ್ರ. ರಕ್ತಗೆಂಪು, ಮೇಲೆ ಹೊಳೆಯುವ ಚಿನ್ನದ ಪುಡಿ.

"ಅಂಟಿಸಮ್ಮ," ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡು.

ಸಂಜೆ ಹಾಲ್ ತುಂಬಿತ್ತು. ನಾನೂ ಅತ್ತೆಯೂ ಮೊದಲನೆಯ ಸಾಲಿನಲ್ಲಿ. ಬಿಳಿ ಜುಬ್ಬಾ ತೊಟ್ಟ ಮೇಷ್ಟ್ರು, ದೀಪದ ಬೆಳಕಿಗೆ ಮಿರಮಿರ ಮಿನುಗುವ ಒಂದು ಮದುಮಗಳ ಉಗುರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ಸುಮ್ಮನಾದರು. ಕೊನೆಗೆ ಅಮ್ಮನ ನೀರು ಶುರುವಾಯಿತು. ನಾಲ್ಕು ಹನಿ ಬಿದ್ದಿರಬಹುದು, ಉಗುರು ಟಪ್ಪನೆ ಹಾರಿ ಅತ್ತೆಯ ಮಡಿಲಿಗೆ ಬಂತು. ಅತ್ತೆ ಅದನ್ನೆತ್ತಿಕೊಂಡು ವೇದಿಕೆಯ ಕಡೆಗೆ ಹೊರಟೇಬಿಟ್ಟರು! ಸೆರಗು ಹಿಡಿದೆಳೆದೆ.

"ಕೂತ್ಕೊಳಿ ಅತ್ತೆ!"

"ಅವನ್ ಉಗುರು ಕಣೇ! ಕೊಡ್ಬೇಡ್ವಾ?"

ಮೇಷ್ಟ್ರು ನಿಲ್ಲಿಸಲಿಲ್ಲ. ಎರಡೇ ಬೆರಳಿನಲ್ಲಿ, ಅಲ್ಲೊಂದು ಇಲ್ಲೊಂದು ಹನಿ ಉದುರಿಸುತ್ತಾ ಕೊನೆ ಮುಟ್ಟಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಆಟೋದಲ್ಲಿ ಅತ್ತೆ ಸಣ್ಣ ದನಿಯಲ್ಲಿ ಕೇಳಿದರು. "ನನ್ನಿಂದ ಕೆಟ್ಟೋಯ್ತೇನಪ್ಪಾ?"

"ಇಲ್ಲಮ್ಮ. ಮೊದ್ಲು ನೀರು ಜಾಸ್ತಿಯಾಗಿತ್ತು. ಈಗ ಹದವಾಯ್ತು ನೋಡಿ."

ಅಷ್ಟು ಸಾಕಾಯಿತು. ಆ ಕೃತಿಯನ್ನು ತಿದ್ದಿದ್ದು ತಾನೇ ಎಂದು ಅತ್ತೆ ತರಕಾರಿ ಗಾಡಿಯವನಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಮೇಷ್ಟ್ರು ಪಕ್ಕದಲ್ಲೇ ನಿಂತು ಹೌದೌದೆಂದು ತಲೆಯಾಡಿಸುತ್ತಿದ್ದರು. ನಾನೂ ನಂಬಿದೆ. ಮಹಡಿಯಿಂದ ಕೇಳಿಸುತ್ತಿದ್ದದ್ದು ಕೂಡ ಅಂದಿನಿಂದ ಆ ಬಿಡಿಬಿಡಿ ಹನಿಗಳೇ; ಅದಕ್ಕೂ ಮೊದಲಿನದನ್ನು ನಾವ್ಯಾರೂ ಕಿವಿಗೊಟ್ಟು ಕೇಳಿರಲಿಲ್ಲ. ಆ ಹಾಲ್‌ಗೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹೃದಯ ನಿಂತಿತಂತೆ, ನಿದ್ದೆಯಲ್ಲೇ. ಹಿಂದೆಮುಂದೆ ಯಾರೂ ಇರಲಿಲ್ಲವಾದ್ದರಿಂದ ವೈಕುಂಠ ಸಮಾರಾಧನೆಯನ್ನು ನಮ್ಮ ಮನೆಯಲ್ಲೇ ಮಾಡಿದೆವು. ಅವರ ಹಳೆಯ ಶಿಷ್ಯೆಯೊಬ್ಬಳು ರಾಜರಾಜೇಶ್ವರಿನಗರದಿಂದ ಬಂದಿದ್ದಳು. ಊಟವಾದ ಮೇಲೆ ಆ ನೀರಿನ ಕೃತಿಯನ್ನೇ ನುಡಿಸಿದಳು.

ನೀರು ಬಿತ್ತು. ನಾವು ಅದುವರೆಗೆ ಕೇಳಿದ್ದೇ ಅಲ್ಲ ಅದು. ಒಂದು ಹನಿ ಮುಗಿಯುವುದರೊಳಗೆ ಇನ್ನೊಂದು, ಕೊನೆಯೇ ಇಲ್ಲದ ಹಾಗೆ ಅಂಗಳದ ಉದ್ದಕ್ಕೂ ಬಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಇದು ಬೇರೆ ಥರ ಇದೆಯಲ್ಲಮ್ಮ?" ಎಂದೆ.

"ಇಲ್ಲ ಆಂಟಿ, ಮೇಷ್ಟ್ರು ಬರೆದಿದ್ದು, ನಮಗೆಲ್ಲ ಕಲ್ಸಿದ್ದು ಹೀಗೇನೇ. ಈ ಮನೇಲಿ ಮಾತ್ರ ಹೀಗೆ ನುಡಿಸ್ಬೇಡಿ, ಕೆಳಗಡೆ ಅಜ್ಜಿಗೆ ಕೇಳ್ಸುತ್ತೆ ಅಂತಿದ್ರು. ಇವತ್ತು ಮರ್ತೇ ಹೋಯ್ತು, ಸಾರಿ..."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಆ ಹುಡುಗಿಯ ಎದುರಿಗೆ ಕುರ್ಚಿ ಎಳೆದುಕೊಂಡರು.

"ಇನ್ನೊಂದ್ ಸಲ ನುಡ್ಸವ್ವ. ಈ ಸಲ ಯಾರೂ ಏಳಲ್ಲ."