ಏರಿಯ ಮೇಲಿನ ಬೆಂಕಿ

ಕೆರೆ ಏರಿಯ ಹೊಂಗೆ ಸಸಿಗಳನ್ನು ಸುಟ್ಟವನು ನಾನು. ಸಾಕಕ್ಕ ಅಲ್ಲ. ನಮ್ಮ ಕೆರೆ ಬಳಗದ ಸದಸ್ಯರೇ, ನಿಮ್ಮ ಅಧ್ಯಕ್ಷನಾಗಿ ಕೂತುಕೊಂಡೇ ಇಷ್ಟು ವರ್ಷ ಇದನ್ನು ಮುಚ್ಚಿಟ್ಟೆ.

ಮನೆಗೊಬ್ಬರಂತೆ ಸದಸ್ಯರಾಗಿ, ಒತ್ತುವರಿ ಬಿಡಿಸಿ, ಹೂಳು ತೆಗೆದು ಆ ಸಸಿಗಳನ್ನು ನೆಟ್ಟಿದ್ದೆವು. ಕಬ್ಬಿನ ತರಗಿಗೆ ಯಾರೂ ಬೆಂಕಿ ಇಡಕೂಡದು, ಗದ್ದೆಯಲ್ಲೇ ಕೊಳೆಯಲಿ ಎಂದು ನಿಮ್ಮೆಲ್ಲರಿಂದ ಮಾತು ತೆಗೆದುಕೊಂಡವನೂ ನಾನೇ. ಮದ್ದೂರಿಗೆ ಹೋಗಿ ಅದರ ಮೇಲೆ ಭಾಷಣ ಬೇರೆ ಬಿಗಿದು ಬಂದಿದ್ದೆ!

ಆ ವರ್ಷ ಕಬ್ಬು ಕಡಿದ ಮೇಲೆ ಏರಿಯ ಕೆಳಗಿನ ನನ್ನ ಗದ್ದೆಯಲ್ಲಿ ತರಗು ಮಂಡಿಯುದ್ದ ಬಿದ್ದಿತ್ತು. ಎಳೆದು ಹಾಕಲು ಆಳು ಸಿಗಲಿಲ್ಲ. ನಾಲೆ ನೀರು ಬಿಡುವ ಹೊತ್ತು ಹತ್ತಿರವಾಗಿತ್ತು. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಒಂದು ಮೂಲೆ ಮಾತ್ರ ಸುಡೋಣ ಎಂದುಕೊಂಡೆ — ಯಾರಿಗೆ ಗೊತ್ತಾಗುತ್ತದೆ... ಗಾಳಿ ತಿರುಗಿತು. ಹಸಿ ಸೊಪ್ಪು ಮುರಿದು ಬಡಿದೆ, ಬಡಿದೆ. ಬೆಂಕಿ ಏರಿ ಹತ್ತಿತು. ನಾನು ಓಡಿದೆ.

ಏರಿಯ ಆ ತುದಿಯಲ್ಲಿ ಸಾಕಕ್ಕ ಎಮ್ಮೆ ಮೇಯಿಸುತ್ತಿದ್ದಳು. ಅವಳೂ ಬಳಗದವಳೇ, ಬೇಸಿಗೆಯಲ್ಲಿ ಆ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತಿದ್ದವಳು. ಆದರೆ ಅವಳ ಬೀಡಿ ಚಟ ಊರಿಗೇ ಗೊತ್ತಿತ್ತಲ್ಲ, ಸಭೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ನಾ ಬೆಂಕಿ ಇಕ್ನಿಲ್ಲ ಕಣ್ರಪ್ಪ," ಎಂದಳು. ಎಂದವಳು ನನ್ನನ್ನೇ ನೋಡಿದಳು.

ಆಗಲಾದರೂ — ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಬಾಯಿ ಬಿಟ್ಟಿದ್ದು ಇಷ್ಟಕ್ಕೆ: "ಸಾಕಕ್ಕ, ಇನ್ಮೇಲೆ ಬಳಗಕ್ಕೆ ಬರಬ್ಯಾಡ. ಎಮ್ಮೇನೂ ಏರಿ ಮ್ಯಾಲೆ ಒಡ್ಕಂಡು ಬರಬ್ಯಾಡ."

ಸುಟ್ಟ ಜಾಗದಲ್ಲೇ ನೀವು ಮತ್ತೆ ನೆಟ್ಟಿರಿ. ಇವತ್ತು ಏರಿಯುದ್ದಕ್ಕೂ ತಂಪು ನೆರಳು, ಕೆರೆಯಲ್ಲಿ ಕೊಕ್ಕರೆ. ಮಳವಳ್ಳಿ ಕಡೆಯವರು ಬಂದು ನೋಡಿ, ನಮ್ಮೂರಲ್ಲೂ ಇಂಥದ್ದೊಂದು ಬಳಗ ಕಟ್ಟುತ್ತೇವೆ ಎಂದು ಹೋದರು. ನನಗೆ ಹಾರ ಹಾಕಿದರು. ಸಾಕಕ್ಕ ಮಾತ್ರ ಆ ಬಿಸಿಲಲ್ಲೂ ಕಬ್ಬಿನ ಲಾರಿಗಳ ನಡುವೆ, ಟಾರು ರಸ್ತೆ ಸುತ್ತಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದಳು. ಆ ಹಾರ ನನ್ನ ಕತ್ತು ಕೊಯ್ಯುತ್ತಿತ್ತು.

ಮೊನ್ನೆ ಅವಳ ಮನೆ ಜಗಲಿಯಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಅವಳು ಹುಲ್ಲು ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಬುಡಪ್ಪ. ನೀ ಓಡಿದ್ದ ನಾ ಕಂಡಿದ್ದೆ."

"ಯಾಕಕ್ಕ ಏಳ್ನಿಲ್ಲ ಮತ್ತೆ?"

"ನೀನೇ ಸುಟ್ಟೆ ಅಂದಿದ್ರೆ, ಇನ್ನೊಂದ್ ಸಲ ಗಿಡ ನೆಡಕ್ಕೆ ಯಾರ್ಲಾ ಬತ್ತಿದ್ರು?"

ಅವಳು ಉಳಿಸಿದ್ದು ನನ್ನ ಮಾನವನ್ನಲ್ಲ, ನಿಮ್ಮ ಬಳಗವನ್ನು. ನಾನು ಅದನ್ನೇ ಅಡ್ಡ ಇಟ್ಟುಕೊಂಡು ಬದುಕಿದೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಅಧ್ಯಕ್ಷ ಸ್ಥಾನ ಬಿಟ್ಟಿದ್ದೇನೆ. ನನ್ನನ್ನು ಬಳಗದಲ್ಲಿ ಇಟ್ಟುಕೊಳ್ಳುವುದು, ಬಿಡುವುದು ನಿಮಗೆ ಸೇರಿದ್ದು.

ಆದರೆ ನೀವೆಲ್ಲ ಅವಳ ಮನೆಗೆ ಹೋಗಿ ಕರೆಯಿರಿ. ನಾಳೆಯಿಂದ ಅವಳ ಎಮ್ಮೆ ಏರಿಯ ನೆರಳಲ್ಲಿ ನಡೆಯಲಿ. ನನ್ನ ಗದ್ದೆಗೆ ನಾನು ಟಾರು ರಸ್ತೆ ಸುತ್ತಿ ಹೋಗುತ್ತೇನೆ.